ಬಿಡುವಿನಲ್ಲೂ ಉರುಳುವ ಚಕ್ರ: ಅಮೆರಿಕದ ಟ್ರಕ್ ಚಾಲಕರ ‘ಸ್ವಂತ ಓಡಾಟ’ದ ಲೆಕ್ಕ

ಶಿಕಾಗೋದ ನೈಋತ್ಯಕ್ಕಿರುವ ಜೋಲಿಯೆಟ್ ಗೋದಾಮುಗಳ ಊರು. ರಾತ್ರಿ ಎಂಟೂಮುಕ್ಕಾಲು. ಬೆಳಿಗ್ಗೆ ಏಳಕ್ಕೆ ದಿನ ಆರಂಭಿಸಿದ್ದ ಚಾಲಕನೊಬ್ಬ ಮಧ್ಯಾಹ್ನ ಮೂರಕ್ಕೆಲ್ಲ ಇಲ್ಲಿಗೆ ತಲುಪಿದ್ದ. ಸರಕು ಇಳಿಸಲು ಸರದಿ ಬಂದದ್ದು ಮಾತ್ರ ಏಳರ ಮೇಲೆ. ಈಗ ಟ್ರೇಲರ್ ಖಾಲಿಯಾಗಿದೆ, ಕಾಗದಕ್ಕೆ ಸಹಿ ಬಿದ್ದಿದೆ, ಹೊಟ್ಟೆ ಹಸಿದಿದೆ. ಅಷ್ಟರಲ್ಲಿ ಗೇಟಿನ ಕಾವಲುಗಾರ ಬಂದು ಕಿಟಕಿ ತಟ್ಟುತ್ತಾನೆ: ರಾತ್ರಿ ಇಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಹೊರಡಬೇಕು. ಡ್ಯಾಶ್‌ಬೋರ್ಡಿನ ಪರದೆ ನೋಡಿದರೆ ಅವನ ದಿನದ ಗಡುವಿಗೆ ಉಳಿದಿರುವುದು ಹದಿನೈದು ನಿಮಿಷ. ಟ್ರಕ್ ನಿಲ್ಲಿಸಬಹುದಾದ ಹತ್ತಿರದ ಜಾಗಕ್ಕೆ ಅರ್ಧ ಗಂಟೆಯ ದಾರಿ. ಹೊರಟರೆ ಕಾನೂನು ಮುರಿದಂತೆ, ನಿಂತರೆ ಕತ್ತು ಹಿಡಿದು ನೂಕಿಸಿಕೊಂಡಂತೆ. ಅತ್ತ ದರಿ, ಇತ್ತ ಪುಲಿ.

ಈ ಚಾಲಕ ನಾನು ಕಲ್ಪಿಸಿಕೊಂಡವನು. ಅವನ ಇಕ್ಕಟ್ಟು ಕಲ್ಪನೆಯದಲ್ಲ. ಅಮೆರಿಕದಲ್ಲಿ ಟ್ರಕ್ ಓಡಿಸುವವರಿಗೆ ಇದು ಮಾಮೂಲು. ಇದರಿಂದ ಪಾರಾಗಲು ಅಲ್ಲಿನ ನಿಯಮಾವಳಿಯಲ್ಲಿ ಒಂದು ಸಣ್ಣ ಬಾಗಿಲಿದೆ. ಅದರ ಹೆಸರು ‘ಪರ್ಸನಲ್ ಕನ್ವೇಯನ್ಸ್’, ಚಾಲಕರ ಬಾಯಲ್ಲಿ ಬರೀ ‘ಪಿಸಿ’. ಕೆಲಸ ಮುಗಿದ ಮೇಲೆ, ಬಿಡುವಿನ ಹೊತ್ತಿನಲ್ಲಿ, ಕಂಪನಿಯ ಕೆಲಸದ ಗಾಡಿಯನ್ನೇ ತನ್ನ ಸ್ವಂತ ಅಗತ್ಯಕ್ಕೆ ಓಡಿಸುವುದು ಎಂದು ಅದರ ಅರ್ಥ. ಕೇಳಲು ಸರಳ. ಆದರೆ ಈ ಬಾಗಿಲಿನಲ್ಲಿ ಯಾರು, ಯಾವಾಗ, ಎಷ್ಟು ದೂರ ನುಸುಳಬಹುದು ಎಂಬ ಬಗ್ಗೆ ಚಾಲಕರು, ಕಂಪನಿಗಳು ಮತ್ತು ಹೆದ್ದಾರಿ ಪೊಲೀಸರ ನಡುವಿನ ಜಗ್ಗಾಟ ನಿಂತಿಲ್ಲ.

ಮೊದಲು ಗಡಿಯಾರದ ವಿಷಯ. ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ದೊಡ್ಡ ವಾಹನಗಳ ಚಾಲಕರ ದುಡಿಮೆಯ ಹೊತ್ತನ್ನು ಅಮೆರಿಕದ ಒಕ್ಕೂಟ ಸರ್ಕಾರ ನಿಗದಿ ಮಾಡುತ್ತದೆ. ‘ದೊಡ್ಡ’ ಎಂದರೆ ಸಾಮಾನ್ಯವಾಗಿ 10,001 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಟನ್ನಿಗಿಂತ ಮೇಲಿನವು. ಇದನ್ನು ನೋಡಿಕೊಳ್ಳುವುದು ಸಾರಿಗೆ ಇಲಾಖೆಯಡಿಯ ಫೆಡರಲ್ ಮೋಟಾರ್ ಕ್ಯಾರಿಯರ್ ಸುರಕ್ಷತಾ ಆಡಳಿತ, ಚಿಕ್ಕದಾಗಿ ಎಫ್‌ಎಂಸಿಎಸ್‌ಎ. ಸರಕು ಟ್ರಕ್ಕಿನ ಚಾಲಕ ಸತತ 10 ಗಂಟೆ ಬಿಡುವು ಪಡೆದ ಮೇಲೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. ಆ 11 ಗಂಟೆಯೂ ದಿನದ ಕೆಲಸ ಆರಂಭಿಸಿದ ಕ್ಷಣದಿಂದ 14 ಗಂಟೆಗಳೊಳಗೆ ಮುಗಿಯಬೇಕು. ಇದರ ಮೇಲೆ ವಾರದ ಲೆಕ್ಕ ಬೇರೆ: 7 ದಿನಗಳಲ್ಲಿ 60 ಅಥವಾ 8 ದಿನಗಳಲ್ಲಿ 70 ಗಂಟೆ ದುಡಿದಾದ ಮೇಲೆ ಸ್ಟೀರಿಂಗ್ ಮುಟ್ಟುವಂತಿಲ್ಲ. ಸತತ 34 ಗಂಟೆ ಬಿಡುವು ಪಡೆದರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ಇವುಗಳಲ್ಲಿ ಚಾಲಕರನ್ನು ಹೆಚ್ಚು ಕಾಡುವುದು 14 ಗಂಟೆಯ ಗಡುವು. ಕಾರಣ, ಅದು ಒಮ್ಮೆ ಶುರುವಾದರೆ ನಿಲ್ಲುವುದೇ ಇಲ್ಲ. 2004ಕ್ಕೆ ಮುಂಚಿನ ನಿಯಮದಲ್ಲಿ ಮಿತಿ 15 ಗಂಟೆಯಿತ್ತು, ನಡುವೆ ಬಿಡುವು ಪಡೆದ ಹೊತ್ತು ಅದರಲ್ಲಿ ಸೇರುತ್ತಿರಲಿಲ್ಲ. ಈಗ ಊಟಕ್ಕೆ ಕೂತರೂ, ಗೋದಾಮಿನ ಬಾಗಿಲಲ್ಲಿ ನಾಲ್ಕು ಗಂಟೆ ಕಾದರೂ ಅದು ಓಡುತ್ತಲೇ ಇರುತ್ತದೆ. ಸ್ಲೀಪರ್‌ನಲ್ಲಿ, ಅಂದರೆ ಕ್ಯಾಬಿನ್ನಿನ ಹಿಂಬದಿಯ ಹಾಸಿಗೆಯಲ್ಲಿ, ಕನಿಷ್ಠ 7 ಗಂಟೆ ಕಳೆದು ಉಳಿದ ಬಿಡುವನ್ನು ಬೇರೆ ತುಂಡಾಗಿ ಪಡೆದರೆ ಗಡಿಯಾರವನ್ನು ತಡೆಯಬಹುದು. ಕಾದ ಹೊತ್ತನ್ನು ಬಿಡುವೆಂದು ದಾಖಲಿಸದೆ ಕೆಲಸದಲ್ಲೇ ಕಳೆದ ಜೋಲಿಯೆಟ್‌ನ ಚಾಲಕನ ನೆರವಿಗೆ 2020ರಲ್ಲಿ ಸಡಿಲಿಸಿದ ಈ ವಿನಾಯಿತಿ ಬರುವುದಿಲ್ಲ. ಕಾಯಿಸಿದವರು ಗೋದಾಮಿನವರು, ಹೊತ್ತು ಕಳೆದುಕೊಂಡವನು ಅವನು.

ನಮ್ಮಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಬರೆದಿಟ್ಟಿತು. ಅಮೆರಿಕದ್ದಕ್ಕಿಂತ ಎಷ್ಟೋ ಉದಾರವಾದ ನಿಯಮ. ಆದರೆ ಅದನ್ನು ಯಾರೂ ಲಾರಿಯ ಎಂಜಿನ್ನಿಗೆ ಕಟ್ಟಲಿಲ್ಲ. ತುಮಕೂರು ರಸ್ತೆಯಲ್ಲಿ ನಡುರಾತ್ರಿ ಡಾಬಾ ಹುಡುಕಿಕೊಂಡು ಹೋಗುವ ಲಾರಿ ಚಾಲಕನನ್ನು ‘ನೀನೀಗ ಕೆಲಸದಲ್ಲಿದ್ದೀಯೋ, ಬಿಡುವಿನಲ್ಲಿದ್ದೀಯೋ’ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಕೇಳುತ್ತಾರೆ, ಏಕೆಂದರೆ ಅಲ್ಲಿ ಗಂಟೆಯ ಲೆಕ್ಕವನ್ನು ಎಂಜಿನ್ನಿಗೇ ಕಟ್ಟಿಬಿಟ್ಟಿದ್ದಾರೆ.

ಆ ಯಂತ್ರದ ಹೆಸರು ಎಲೆಕ್ಟ್ರಾನಿಕ್ ಲಾಗಿಂಗ್ ಸಾಧನ, ಅಂದರೆ ಇಎಲ್‌ಡಿ. ಅದಕ್ಕೆ ಮುಂಚೆ ಚಾಲಕರು ಕಾಗದದ ಪುಸ್ತಕದಲ್ಲಿ ಗೆರೆ ಎಳೆಯುತ್ತಿದ್ದರು. ಆ ಪುಸ್ತಕಗಳಲ್ಲಿ ಎಷ್ಟು ಕಥೆ ಸೇರಿರುತ್ತಿತ್ತೆಂದರೆ ಚಾಲಕರೇ ಅವನ್ನು ‘ಕಾಮಿಕ್ ಪುಸ್ತಕ’ ಎಂದು ತಮಾಷೆ ಮಾಡುತ್ತಿದ್ದರು. 2017ರ ಡಿಸೆಂಬರ್ 18ರಿಂದ ಬಹುಪಾಲು ಟ್ರಕ್ಕುಗಳಿಗೆ ಯಂತ್ರ ಕಡ್ಡಾಯವಾಯಿತು. ಗಾಡಿ ಗಂಟೆಗೆ 5 ಮೈಲಿ ವೇಗ ಮುಟ್ಟುವಷ್ಟರಲ್ಲಿ ಅದು ತಾನಾಗಿಯೇ ‘ಚಾಲನೆ’ ಎಂದು ದಾಖಲಿಸಿಕೊಳ್ಳುತ್ತದೆ. ಪೆಟ್ರೋಲ್ ಬಂಕಿನಿಂದ ಪಕ್ಕದ ಹೋಟೆಲಿಗೆ ಹೋದರೂ ಅದಕ್ಕೆ ಚಾಲನೆಯೇ. ಮನುಷ್ಯ ಸುಳ್ಳು ಬರೆಯುವುದನ್ನು ತಪ್ಪಿಸಲು ತಂದ ಯಂತ್ರಕ್ಕೆ ಮನುಷ್ಯನ ಉದ್ದೇಶ ಅರ್ಥವಾಗುವುದಿಲ್ಲ, ಅದಕ್ಕೆ ಕಾಣುವುದು ಚಕ್ರ ತಿರುಗಿದ್ದು ಮಾತ್ರ. ಪಿಸಿ ಎಂಬ ಗುಂಡಿಗೆ ಇಷ್ಟು ಮಹತ್ವ ಬಂದಿದ್ದು ಇಲ್ಲಿಂದ.

ಲಾಗ್ ಎಂದು ಕರೆಯುವ ಈ ದಿನದ ದಾಖಲೆಯಲ್ಲಿ ಚಾಲಕನ 24 ಗಂಟೆಯೂ ನಾಲ್ಕು ಸಾಲುಗಳಲ್ಲಿ ಹಂಚಿಹೋಗುತ್ತದೆ: ಬಿಡುವು, ಸ್ಲೀಪರ್, ಚಾಲನೆ, ಮತ್ತು ಓಡಿಸದೆ ಮಾಡುವ ಕೆಲಸ. ಪಿಸಿ ಐದನೆಯ ಸಾಲಲ್ಲ. ಅದು ‘ಬಿಡುವು’ ಎಂಬ ಸಾಲಿನೊಳಗೇ ಕೂರುತ್ತದೆ. ಅಂದರೆ ಕಾನೂನಿನ ಕಣ್ಣಿಗೆ ಆ ಹೊತ್ತಿನಲ್ಲಿ ಚಾಲಕ ಹಾಸಿಗೆಯ ಮೇಲೆ ಬಿದ್ದುಕೊಂಡು ಟಿವಿ ನೋಡುವವನಂತೆಯೇ, ಚಕ್ರಗಳು ಉರುಳುತ್ತಿರುವುದಷ್ಟೇ ವ್ಯತ್ಯಾಸ. 11 ಗಂಟೆಯ ಲೆಕ್ಕದಿಂದ ಏನೂ ಕಳೆಯುವುದಿಲ್ಲ, ವಾರದ 70 ಗಂಟೆಗೆ ಏನೂ ಸೇರುವುದಿಲ್ಲ, 10 ಗಂಟೆಯ ವಿಶ್ರಾಂತಿ ಮುರಿಯುವುದೂ ಇಲ್ಲ. 14 ಗಂಟೆಯ ಗಡಿಯಾರ ಮಾತ್ರ ನಡುಹಗಲಿನಲ್ಲಿ ಪಿಸಿ ಒತ್ತಿದರೂ ಓಡುತ್ತಲೇ ಇರುತ್ತದೆ. ‘ಪಿಸಿ ಒತ್ತಿದರೆ ದಿನ ಉದ್ದವಾಗುತ್ತದೆ’ ಎಂದು ನಂಬಿ ಸಿಕ್ಕಿಬಿದ್ದವರಿದ್ದಾರೆ.

ಈ ವಿಷಯದಲ್ಲಿ ಈಗ ನಡೆಯುತ್ತಿರುವುದು 2018ರ ಮಾರ್ಗದರ್ಶನ. ಅದಕ್ಕೆ ಹಿಂದಿನದು 1997ರದ್ದು. ಹಳೆಯದರಲ್ಲಿ ಒಂದು ಷರತ್ತಿತ್ತು: ಗಾಡಿಯಲ್ಲಿ ಸರಕು ಇರಕೂಡದು. ಟ್ರೇಲರ್ ತುಂಬಿದ್ದರೆ ಅದನ್ನು ಕಳಚಿಟ್ಟು, ಬರೀ ಮುಂದಿನ ಎಂಜಿನ್ ಭಾಗವನ್ನು ಓಡಿಸಿಕೊಂಡು ಹೋಗಬೇಕು. ಹಾಗೆ ಬೋಳಾಗಿ ಓಡುವುದಕ್ಕೆ ಅಲ್ಲಿ ‘ಬಾಬ್‌ಟೇಲ್’ ಎನ್ನುತ್ತಾರೆ. ಬರೆಯಲು ಸುಲಭ, ಮಾಡಲು ಕಷ್ಟ. ಲಕ್ಷಾಂತರ ಡಾಲರ್ ಬೆಲೆಯ ಔಷಧಿಯೋ ಟಿವಿಯೋ ತುಂಬಿದ ಟ್ರೇಲರನ್ನು ಕತ್ತಲಲ್ಲಿ ಕಳಚಿಟ್ಟು ಯಾರು ಊಟಕ್ಕೆ ಹೋಗುತ್ತಾರೆ? ಎಂಜಿನ್ನಿಗೂ ಸರಕಿನ ಪೆಟ್ಟಿಗೆಗೂ ಒಂದೇ ಚೌಕಟ್ಟಿರುವ, ನಮ್ಮ ಲಾರಿಯಂಥ ಗಾಡಿಯವನು ಏನನ್ನು ಕಳಚಬೇಕು? 2018ರಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ಸರಕಿದ್ದರೂ ಸರಿ, ಇಲ್ಲದಿದ್ದರೂ ಸರಿ, ನೋಡಬೇಕಾದದ್ದು ಓಡಾಟದ ಉದ್ದೇಶ ಎಂದರು. ಅಪಾಯಕಾರಿ ವಸ್ತು ಹೊತ್ತ ಟ್ರಕ್ಕಿಗೂ ಪಿಸಿ ಇದೆ, ಆ ವಸ್ತುಗಳಿಗಿರುವ ಬೇರೆ ನಿಯಮಗಳನ್ನು ಮೀರದಿದ್ದರೆ ಸಾಕು.

ಇಷ್ಟು ಮಾಡಿದ್ದರಿಂದ ಒಂದು ತೊಡಕು ಬಗೆಹರಿದು ಅದಕ್ಕಿಂತ ದೊಡ್ಡದೊಂದು ಹುಟ್ಟಿತು. ಟ್ರೇಲರಿನ ಬಾಗಿಲು ತೆಗೆದರೆ ಸರಕಿದೆಯೋ ಇಲ್ಲವೋ ಕಂಡುಬಿಡುತ್ತದೆ. ಉದ್ದೇಶ ಹಾಗೆ ಕಾಣುವುದಿಲ್ಲ. ಈಗ ನಿಯಮ ಕೇಳುವ ಪ್ರಶ್ನೆ ಒಂದೇ: ಈ ಚಕ್ರ ಯಾರ ಕೆಲಸಕ್ಕಾಗಿ ಉರುಳಿತು? ಚಾಲಕನದಕ್ಕೋ, ಕಂಪನಿಯದಕ್ಕೋ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡರೆ ಮಾರ್ಗದರ್ಶನದ ಉದಾಹರಣೆಗಳಲ್ಲಿ ಬಹುಪಾಲನ್ನು ಓದದೆಯೇ ಊಹಿಸಬಹುದು. ಮೋಟೆಲಿನಿಂದಲೋ ಟ್ರಕ್ ನಿಲ್ದಾಣದಿಂದಲೋ ಊಟಕ್ಕೆ, ಸಿನಿಮಾಕ್ಕೆ ಹೋಗಿಬರುವುದು ಸರಿ. ಬಿಡುವಿನಲ್ಲಿ ತನ್ನ ಮನೆಯ ಸಾಮಾನು ಸಾಗಿಸಿಕೊಳ್ಳುವುದು ಸರಿ. ಮಲಗಿರುವಾಗ ಪೊಲೀಸರು ಬಂದು ಗಾಡಿ ತೆಗೆಯಿರಿ ಎಂದರೆ ತೆಗೆಯುವುದು ಸರಿ. ಕಂಪನಿಯ ಟರ್ಮಿನಲ್ಲಿನಿಂದ, ಅಂದರೆ ಅದರ ಗಾಡಿಗಳ ನೆಲೆಯಿಂದ, ಮನೆಗೆ, ಮನೆಯಿಂದ ಟರ್ಮಿನಲ್ಲಿಗೆ ಹೋಗುವುದು ಸರಿ. ನೀವು ಕಚೇರಿಗೆ ಬೈಕಿನಲ್ಲಿ ಹೋದಂತೆ ಅವನು ಟ್ರಕ್ಕಿನಲ್ಲಿ ಹೋಗುತ್ತಾನೆ. ಆ ಪ್ರಯಾಣ ನಿದ್ದೆಯನ್ನು ತಿನ್ನುವಷ್ಟು ಉದ್ದವಿರಬಾರದು, ಅಷ್ಟೇ.

ಎದುರು ಪಟ್ಟಿಯೂ ಹಾಗೆಯೇ. ಗಾಡಿಯನ್ನು ರಿಪೇರಿಗೆ ಒಯ್ಯುವುದು ಕಂಪನಿಯ ಕೆಲಸ, ಪಿಸಿ ಅಲ್ಲ. ಖಾಲಿ ಟ್ರೇಲರ್ ಎಳೆದುಕೊಂಡು ಮುಂದಿನ ಲೋಡ್ ತರಲು ಹೋಗುವುದು ಪಿಸಿ ಅಲ್ಲ. ಪ್ರಯಾಣಿಕರಿರುವ ಬಸ್ಸು ಎಂದಿಗೂ ಪಿಸಿ ಆಗುವುದಿಲ್ಲ. ಬಸ್ಸಿನ ವಿಷಯದಲ್ಲಿ ನಿಯಮ ಬರೆದವರು ಯಾವುದೋ ಜಾಣನನ್ನು ಕಂಡೇ ಬರೆದಂತಿರುವ ಒಂದು ಸಾಲಿದೆ: ಪ್ರಯಾಣಿಕರನ್ನು ಇಳಿಸಿಯಾಗಿದೆ, ಬಸ್ ಖಾಲಿ, ಆದರೆ ಅವರ ಪೆಟ್ಟಿಗೆಗಳು ಹೊಟ್ಟೆಯೊಳಗೇ ಇವೆ, ಅವನ್ನು ಮುಟ್ಟಿಸಿ ಬಾ ಎಂದು ಚಾಲಕನಿಗೆ ಹೇಳಿದ್ದಾರೆ ಎಂದಾದರೆ ಅದೂ ಕೆಲಸವೇ. ಪೆಟ್ಟಿಗೆಗಳು ಪ್ರಯಾಣಿಕರಲ್ಲ ಎಂದು ವಾದಿಸಿದವರು ಇದ್ದಿರಬೇಕು.

ಪ್ರಶ್ನೆ ಜಟಿಲವಾಗುವುದು ಮನೆಗೆ ಹೋಗುವ ದಾರಿಯಲ್ಲಿ. ಚಾಲಕ ವಾರದ ಕೊನೆಯ ಸರಕನ್ನು ಗಿರಾಕಿಯ ಬಳಿ ಇಳಿಸಿದ. ಮುಂದೆ ಲೋಡ್ ಇಲ್ಲ. ಕಂಪನಿ ‘ಇನ್ನು ಮನೆಗೆ ಹೋಗು’ ಎಂದಿತು. ಮನೆ ಎಂಬತ್ತು ಮೈಲಿ ದೂರ. ಇದಕ್ಕಿಂತ ಸ್ವಂತದ ಪ್ರಯಾಣ ಯಾವುದಿದ್ದೀತು? ಆದರೆ ಎಫ್‌ಎಂಸಿಎಸ್‌ಎ ಉತ್ತರ: ಇಲ್ಲ. ಕಂಪನಿ ಕಳಿಸಿದ ಪ್ರಯಾಣದಿಂದ ಮನೆಗೋ ಟರ್ಮಿನಲ್ಲಿಗೋ ಹಿಂತಿರುಗುವುದು ಅದೇ ಪ್ರಯಾಣದ ಮುಂದುವರಿಕೆ. ಟರ್ಮಿನಲ್ಲಿನಿಂದ ಮನೆಗೆ ಹೋದರೆ ಸ್ವಂತದ್ದು, ಗಿರಾಕಿಯ ಗೋದಾಮಿನಿಂದ ಮನೆಗೆ ಹೋದರೆ ಕೆಲಸ. ನನಗೆ ಮೊದಲು ಓದಿದಾಗ ಇದು ಮೊಸರಲ್ಲಿ ಕಲ್ಲು ಹುಡುಕಿದಂತೆ ಕಂಡಿತ್ತು. ಯೋಚಿಸಿದರೆ ತರ್ಕವಿದೆ. ಆ ಗೋದಾಮಿಗೆ ಅವನನ್ನು ಕರೆತಂದದ್ದು ಕಂಪನಿ. ಅಲ್ಲಿಂದ ಗಾಡಿ ಮರಳಿ ಬರಲೇಬೇಕಾದ್ದೂ ಕಂಪನಿಗೇ. ಇದನ್ನು ಬಿಡುವೆಂದು ಒಪ್ಪಿದರೆ ಪ್ರತಿ ಪ್ರಯಾಣದ ಹಿಂದಿನ ಅರ್ಧವನ್ನೂ ‘ಮನೆಗೆ ಹೋಗುತ್ತಿದ್ದೇನೆ’ ಎಂದು ಬರೆದು ಲೆಕ್ಕದಿಂದ ತೆಗೆಯಬಹುದಾಗಿತ್ತು. ಹನ್ನೊಂದು ಗಂಟೆ ಓಡಿಸಿ ದಣಿದವನು ಮತ್ತೆ ಐದು ಗಂಟೆ ‘ಬಿಡುವಿನಲ್ಲಿ’ ಓಡಿಸುತ್ತಿದ್ದ.

ಇದಕ್ಕೆ ಒಂದು ಹೊರತು ಇದೆ. ದೊಡ್ಡ ಕಾಮಗಾರಿಗಾಗಿ ಊರಾಚೆ ಬಿಡಾರ ಹೂಡಿ ದಿನಗಟ್ಟಲೆ, ವಾರಗಟ್ಟಲೆ ಅಲ್ಲಿಂದಲೇ ಕೆಲಸ ಮಾಡುವ ಕಟ್ಟಡ ಕಂಪನಿಗಳ, ವಿದ್ಯುತ್ ಕಂಪನಿಗಳ ಸಿಬ್ಬಂದಿ ಆ ಬಿಡಾರದಿಂದ ಮನೆಗೆ ಹೋದರೆ ಅದು ಪಿಸಿ. ಬಿರುಗಾಳಿಗೆ ಕಂಬ ಬಿದ್ದಲ್ಲಿ ದುರಸ್ತಿಗೆ ಹೋದವರನ್ನು ನೆನೆದರೆ ಇದರ ಅಗತ್ಯ ತಿಳಿಯುತ್ತದೆ.

ಈಗ ಜೋಲಿಯೆಟ್‌ಗೆ ಮರಳಬಹುದು. ಸರಕು ತುಂಬುವ ಅಥವಾ ಇಳಿಸುವ ಜಾಗದಲ್ಲಿ ಹೊತ್ತು ಮುಗಿದುಹೋದವನಿಗೆ ಮಾರ್ಗದರ್ಶನ ಒಂದು ದಾರಿ ಬಿಟ್ಟಿದೆ. ಅವನು ಅಲ್ಲಿಂದ ಹತ್ತಿರದ, ಸುರಕ್ಷಿತವಾದ ತಂಗುವ ಜಾಗಕ್ಕೆ ಪಿಸಿಯಲ್ಲಿ ಹೋಗಬಹುದು. ಎರಡು ಷರತ್ತು: ಹೋದ ಮೇಲೆ ವಿಶ್ರಾಂತಿಗೆ ಸಾಕಷ್ಟು ಹೊತ್ತು ಉಳಿಯಬೇಕು, ತಂಗುವ ಜಾಗ ಯಥೋಚಿತವಾಗಿ ಸಿಗುವ ಮೊದಲನೆಯದೇ ಆಗಿರಬೇಕು. ‘ಮೊದಲನೆಯದು’ ಎಂಬ ಮಾತೇ ಇಡೀ ನಿಯಮದ ಕೀಲು.

ನಮ್ಮ ಚಾಲಕನ ಮರುದಿನದ ಲೋಡ್ ಪಶ್ಚಿಮಕ್ಕೆ, ಅಯೋವಾ ರಾಜ್ಯದಲ್ಲಿದೆ ಎಂದಿಟ್ಟುಕೊಳ್ಳಿ. ಜೋಲಿಯೆಟ್‌ನಿಂದ ಹೆದ್ದಾರಿ 80 ಹಿಡಿದು ಪಶ್ಚಿಮಕ್ಕೆ ಹೊರಟರೆ ಮೊದಲು ಮಾರಿಸ್, ಆಮೇಲೆ ಒಟಾವಾ, ಆಮೇಲೆ ಪೆರು ಎಂಬ ಊರುಗಳು. ಇನ್ನೂ ಮುಂದೆ ಹೋಗಿ ಮಿಸಿಸಿಪ್ಪಿ ನದಿ ದಾಟಿದರೆ ವಾಲ್ಕಾಟ್. ಜಗತ್ತಿನ ಅತಿ ದೊಡ್ಡ ಟ್ರಕ್ ನಿಲ್ದಾಣ ತನ್ನದೇ ಎಂದು ಹೇಳಿಕೊಳ್ಳುವ ‘ಅಯೋವಾ 80’ ಇರುವುದು ಅಲ್ಲಿ. ಸುಮಾರು 900 ಟ್ರಕ್ಕುಗಳಿಗೆ ಜಾಗ, ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ವ್ಯವಸ್ಥೆ, ಹಲ್ಲಿನ ವೈದ್ಯರು ಸಹ ಉಂಟು. ಜೋಲಿಯೆಟ್‌ನಿಂದ ನೂರಕ್ಕೂ ಹೆಚ್ಚು ಮೈಲಿ.

ಮಾರಿಸ್‌ನಲ್ಲಿ ಜಾಗ ಸಿಕ್ಕಿ ಅವನು ಅಲ್ಲಿ ನಿಂತರೆ ಪಿಸಿ. ಮಾರಿಸ್‌ನಲ್ಲಿ ಜಾಗವಿದ್ದೂ ‘ವಾಲ್ಕಾಟ್‌ನಲ್ಲಿ ಊಟ ಚೆನ್ನಾಗಿರುತ್ತದೆ’ ಎಂದು ಮುಂದೆ ಹೋದರೆ ಪಿಸಿ ಅಲ್ಲ. ಊಟ ಚೆನ್ನಾಗಿರುವುದು ನಿಜವೇ ಇರಬಹುದು. ಆದರೆ ಸಿಗುವ ತಂಗುದಾಣಗಳನ್ನು ಬಿಟ್ಟು ಮುಂದಿನ ಲೋಡಿನತ್ತ ಸರಿಯುವುದು ಕಂಪನಿಯ ಕೆಲಸವನ್ನು ಮುಂದೊತ್ತಿದಂತೆ ಎಂಬುದು ನಿಯಮದ ನಿಲುವು. ಮಾರಿಸ್ ತುಂಬಿಹೋಗಿದ್ದರೆ? ತುಂಬಿದ ಜಾಗವನ್ನು ಸಿಗುವ ಜಾಗ ಎನ್ನಲಾಗದು, ಒಟಾವಾದತ್ತ ಹೋಗಬಹುದು. ಪಶ್ಚಿಮದ ಬದಲು ಪೂರ್ವಕ್ಕೆ ಐದೇ ಮೈಲಿಯಲ್ಲಿ ಜಾಗ ಖಾಲಿಯಿದ್ದರೆ? ಆಗ ಅರ್ಧ ಗಂಟೆ ಪಶ್ಚಿಮಕ್ಕೇ ಏಕೆ ಹೋದೆ ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಬೇಕು.

ಈ ದಾರಿ ಗೋದಾಮಿನ ಅಂಗಳದಿಂದ ಮಾತ್ರ ತೆರೆದಿರುವುದು ಎಂಬುದನ್ನು ಹಲವರು ಮರೆಯುತ್ತಾರೆ. ಹೆದ್ದಾರಿಯ ಮೇಲೆ, ದಟ್ಟಣೆಯಲ್ಲಿ ಸಿಕ್ಕಿ ಹೊತ್ತು ಮುಗಿದರೆ ಪಿಸಿ ಒತ್ತಿ ತಂಗುದಾಣ ಸೇರುವಂತಿಲ್ಲ. ಅದಕ್ಕೆ ಬೇರೆ ವಿನಾಯಿತಿ ಇದೆ: ಹೊರಡುವಾಗ ಗೊತ್ತಿರದ ಹಿಮ, ಮಂಜು, ಅಸಹಜ ದಟ್ಟಣೆ ಎದುರಾದರೆ 2 ಗಂಟೆಯವರೆಗೆ ಹೆಚ್ಚುವರಿ ಸಿಗುತ್ತದೆ. ಪ್ರತಿ ಸಂಜೆಯೂ ಇರುವ ಶಿಕಾಗೋದ ಟ್ರಾಫಿಕ್ಕನ್ನು ‘ಗೊತ್ತಿರಲಿಲ್ಲ’ ಎಂದರೆ ನಡೆಯುವುದಿಲ್ಲ. ಇನ್ನು ಗಂಟೆ ಮೀರಿ ಓಡಿಸಿ ಸಿಕ್ಕಿಬಿದ್ದು, ಪೊಲೀಸರು ‘ಔಟ್ ಆಫ್ ಸರ್ವಿಸ್’ ಎಂದು ನಿಲ್ಲಿಸಿದ ಮೇಲಂತೂ ಗಾಡಿ ಅಲ್ಲಾಡುವಂತಿಲ್ಲ. ಅಧಿಕಾರಿಯೇ ಬೇರೆಡೆಗೆ ಹೋಗು ಎಂದು ಹೇಳಿದರೆ ಮಾತ್ರ ಹೋಗಬಹುದು.

ಗುಂಡಿ ಒತ್ತುವುದಕ್ಕೂ ಕ್ರಮವಿದೆ. ಕಂಪನಿ ಮೊದಲೇ ಆ ಚಾಲಕನ ಖಾತೆಯಲ್ಲಿ ಪಿಸಿಗೆ ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ಪರದೆಯಲ್ಲಿ ಆ ಆಯ್ಕೆಯೇ ಕಾಣುವುದಿಲ್ಲ. ಗಾಡಿ ಚಲಿಸುವ ಮುನ್ನ ಪಿಸಿ ಆರಿಸಿಕೊಳ್ಳಬೇಕು. ದಾರಿಯಲ್ಲಿ ಎಂಜಿನ್ ಆರಿಸಿ ಮತ್ತೆ ಹಚ್ಚಿದರೆ ‘ಇನ್ನೂ ಪಿಸಿಯಲ್ಲೇ ಇದ್ದೀರಾ’ ಎಂದು ಯಂತ್ರ ಕೇಳುತ್ತದೆ, ಉತ್ತರಿಸದಿದ್ದರೆ ಸಾಮಾನ್ಯ ಚಾಲನೆಯೆಂದು ಹಿಡಿಯುತ್ತದೆ. ಒತ್ತಲು ಮರೆತವರು ಏನಾಯಿತೆಂದು ಟಿಪ್ಪಣಿ ಬರೆಯಬೇಕು. ಪಿಸಿಯಲ್ಲಿರುವಾಗ ಯಂತ್ರ ಚಾಲಕನ ಖಾಸಗಿತನಕ್ಕೆ ಸ್ವಲ್ಪ ಮರ್ಯಾದೆ ಕೊಡುತ್ತದೆ: ಸಾಮಾನ್ಯವಾಗಿ ಒಂದು ಮೈಲಿಯ ನಿಖರತೆಯಲ್ಲಿ ಗುರುತಿಸುವ ಸ್ಥಳವನ್ನು ಆಗ ಸುಮಾರು ಹತ್ತು ಮೈಲಿ ತ್ರಿಜ್ಯದ ವೃತ್ತಕ್ಕೆ ಮಸುಕಾಗಿಸುತ್ತದೆ. ಯಾವ ಹೋಟೆಲು, ಯಾರ ಮನೆ ಎಂಬುದು ಪೊಲೀಸರಿಗೆ ಬೇಡ ಎಂಬ ಎಣಿಕೆ.

ಆದರೆ ಹತ್ತು ಮೈಲಿಯ ಮಸುಕಿನಲ್ಲಿ ನೂರು ಮೈಲಿ ಅಡಗುವುದಿಲ್ಲ. ತಪಾಸಣೆಯಲ್ಲಿ ಅಧಿಕಾರಿಯ ಮುಂದೆ ಬರುವುದು ಆ ನಾಲ್ಕು ಸಾಲುಗಳ ನಕ್ಷೆ, ಅದರ ಮೇಲೆ ಮೆಟ್ಟಿಲಿನಂತೆ ಹತ್ತಿಳಿಯುವ ಗೆರೆ. ಬಿಡುವಿನ ಸಾಲಿನಲ್ಲಿ ಪಿಸಿಯ ಹೊತ್ತು ತುಂಡುಗೆರೆಯಾಗಿಯೋ ಬೇರೆ ಛಾಯೆಯಾಗಿಯೋ ಎದ್ದು ಕಾಣುತ್ತದೆ. ಅನುಭವಿ ಅಧಿಕಾರಿಯ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. 11 ಗಂಟೆ ಮುಗಿದ ಮರುಕ್ಷಣವೇ ತುಂಡುಗೆರೆ ಶುರುವಾಗಿದೆಯೇ? ಅದು ಮುಗಿದಾಗ ಗಾಡಿ ಮುಂದಿನ ಊರಿಗೆ ಹತ್ತಿರವಾಗಿದೆಯೇ, ದೂರವಾಗಿದೆಯೇ? ಲೋಡ್ ಕಾಗದದಲ್ಲಿರುವ ವಿಳಾಸ ಯಾವ ದಿಕ್ಕಿನಲ್ಲಿದೆ? ಉದ್ದೇಶ ಕಾಣುವುದಿಲ್ಲ ಎಂದೆನಲ್ಲ, ದಿಕ್ಕು ಕಾಣುತ್ತದೆ. ಪ್ರತಿ ರಾತ್ರಿಯ ‘ಸ್ವಂತ ಓಡಾಟ’ವೂ ಗಿರಾಕಿಯ ಊರಿನತ್ತಲೇ ಸಾಗಿದ್ದರೆ ಆ ಚಾಲಕನ ಸ್ವಂತ ಜೀವನ ಬಹಳ ವಿಚಿತ್ರವಾಗಿದೆ ಎಂದರ್ಥ. ಪಿಸಿ ಸುಳ್ಳೆಂದು ಅಧಿಕಾರಿ ತೀರ್ಮಾನಿಸಿದರೆ ಅದು ಸುಳ್ಳು ದಾಖಲೆಯ ಅಪರಾಧ. ಆ ಹೊತ್ತನ್ನೆಲ್ಲ ಚಾಲನೆಗೆ ಸೇರಿಸಿ ಲೆಕ್ಕ ಹಾಕಿದಾಗ ಗಂಟೆಯೂ ಮೀರಿರುತ್ತದೆ, ಒಂದೇ ಏಟಿಗೆ ಎರಡು ತಪ್ಪು. ಅದು ಕಂಪನಿಯ ಸುರಕ್ಷತಾ ದಾಖಲೆಗೂ ಅಂಟಿಕೊಳ್ಳುತ್ತದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಟ ಇದು; ಎರಡೂ ಕಡೆಯವರು ಪಳಗಿದ್ದಾರೆ.

ಎಷ್ಟು ದೂರ ಎಂಬುದಕ್ಕೆ ಮೈಲಿಯ ಮಿತಿಯನ್ನೇ ಹಾಕಿಬಿಟ್ಟರೆ ಈ ರಗಳೆಯೆಲ್ಲ ಏಕೆ ಎಂದು ಕೇಳಬಹುದು. ಕೆನಡಾ ಹಾಗೆಯೇ ಮಾಡಿದೆ. ಅಲ್ಲಿ ದಿನಕ್ಕೆ 75 ಕಿಲೋಮೀಟರ್, ಗಾಡಿಯಲ್ಲಿ ಸರಕಿರಬಾರದು, ಟ್ರೇಲರ್ ಕಳಚಿರಬೇಕು. ತಕರಾರಿಗೆ ಜಾಗವಿಲ್ಲ. ಗಡಿ ದಾಟಿ ಓಡುವ ಚಾಲಕ ಡೆಟ್ರಾಯಿಟ್‌ನಲ್ಲಿ ಒಂದು ಲೆಕ್ಕ, ನದಿಯಾಚೆಯ ವಿಂಡ್ಸರ್‌ನಲ್ಲಿ ಇನ್ನೊಂದು ಲೆಕ್ಕ ಹಾಕಬೇಕು. ಅಮೆರಿಕದ 2018ರ ಮಾರ್ಗದರ್ಶನದಲ್ಲಿ ಮೈಲಿಗೂ ಗಂಟೆಗೂ ಮಿತಿ ಇಲ್ಲ. ತಪಾಸಣೆ ಮಾಡುವ ಅಧಿಕಾರಿಗಳ ಒಕ್ಕೂಟ ಮಿತಿ ಬೇಕೆಂದು ಕೇಳಿದ್ದುಂಟು. ನನಗೆ ಅವರ ಕೋರಿಕೆ ಅರ್ಥವಾಗುತ್ತದೆ, ಆದರೂ ಕೆನಡಾದ ದಾರಿ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ನಡೆಯುವುದು ಕಷ್ಟ. ನೆವಾಡಾ, ವಯೋಮಿಂಗ್‌ಗಳಲ್ಲಿ ಒಂದು ಊರಿನಿಂದ ಇನ್ನೊಂದಕ್ಕೇ ಎಪ್ಪತ್ತು, ಎಂಬತ್ತು ಮೈಲಿ ಬಯಲಿರುತ್ತದೆ. ಅಲ್ಲಿ ‘ಮೊದಲ ಜಾಗ’ವೇ ಮಿತಿಯಾಚೆ ಇದ್ದರೆ ಚಾಲಕ ಮತ್ತೆ ರಸ್ತೆಯ ಅಂಚಿಗೆ ಬೀಳುತ್ತಾನೆ.

ಮಿತಿ ಇಲ್ಲ ಎಂದರೆ ರಾತ್ರಿಯಿಡೀ ಓಡಿಸಬಹುದು ಎಂದಲ್ಲ. ದಣಿದವನು, ಕಾಯಿಲೆಯವನು ಗಾಡಿ ಓಡಿಸಬಾರದು ಎಂಬ ನಿಯಮ ಪಿಸಿಯಲ್ಲೂ ಬೆನ್ನ ಹಿಂದೆಯೇ ಇರುತ್ತದೆ. ಕಾಗದದ ಮೇಲೆ 10 ಗಂಟೆ ಬಿಡುವು ಪೂರ್ತಿಯಾಗಿರಬಹುದು, ಅದರಲ್ಲಿ ನಾಲ್ಕು ಗಂಟೆ ಸ್ಟೀರಿಂಗ್ ಹಿಡಿದಿದ್ದರೆ ಬೆಳಿಗ್ಗೆ ಕಣ್ಣು ಎಳೆಯುತ್ತದೆ. ಅಪಘಾತವಾದರೆ ವಕೀಲರು ಕೇಳುವ ಮೊದಲ ಪ್ರಶ್ನೆ ಆ ನಾಲ್ಕು ಗಂಟೆಯದೇ.

ಅಂದಹಾಗೆ ಪಿಸಿ ಚಾಲಕನ ಹಕ್ಕಲ್ಲ. ಸರ್ಕಾರ ಬಾಗಿಲು ಇಟ್ಟಿದೆ, ಕೀಲಿ ಕಂಪನಿಯ ಕೈಯಲ್ಲಿ. ಕಂಪನಿ ಪೂರ್ತಿ ಬೇಡ ಎನ್ನಬಹುದು, ಸರಕಿದ್ದಾಗ ಬೇಡ ಎನ್ನಬಹುದು, ದಿನಕ್ಕೆ ಇಂತಿಷ್ಟು ಮೈಲಿ ಎನ್ನಬಹುದು. ಎಷ್ಟೋ ಕಂಪನಿಗಳು ಹಾಗೆ ಮಾಡಲು ಕಾರಣ ವಿಮೆ. ಸ್ವಂತ ಟ್ರಕ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಗುತ್ತಿಗೆಯಲ್ಲಿ ಓಡಿಸುವವರ ಸ್ಥಿತಿ ಇನ್ನೂ ನಾಜೂಕು. ಕಂಪನಿಯ ಕೆಲಸದಲ್ಲಿದ್ದಾಗ ಕಂಪನಿಯ ವಿಮೆ. ಸ್ವಂತಕ್ಕೆ ಓಡಿಸುವಾಗಿನ ಅಪಘಾತಕ್ಕೆ ಅವರೇ ‘ನಾನ್-ಟ್ರಕಿಂಗ್’ ವಿಮೆ ಎಂಬ ಬೇರೆಯದನ್ನು ಮಾಡಿಸಿಕೊಂಡಿರುತ್ತಾರೆ. ಪಿಸಿಯಲ್ಲಿದ್ದಾಗ ಯಾರಿಗಾದರೂ ಗುದ್ದಿದರೆ ಒಂದು ವಿಮಾ ಕಂಪನಿ ‘ಅವನು ಸ್ವಂತಕ್ಕೆ ಹೋಗುತ್ತಿದ್ದ’ ಎನ್ನುತ್ತದೆ, ಇನ್ನೊಂದು ‘ಇಲ್ಲ, ನಿಮ್ಮ ಕೆಲಸದಲ್ಲೇ ಇದ್ದ’ ಎನ್ನುತ್ತದೆ. ಲಾಗಿನಲ್ಲಿ ಒತ್ತಿದ ಗುಂಡಿ ಈ ಜಗಳವನ್ನು ತೀರ್ಮಾನಿಸುವುದಿಲ್ಲ. ದುಡಿಮೆಯ ಗಂಟೆಯ ನಿಯಮಕ್ಕೆ ಬಿಡುವಾದದ್ದು ವಿಮೆಯ ಕರಾರಿಗೆ ಕೆಲಸವಾಗಿರಬಹುದು.

ಇಷ್ಟೆಲ್ಲ ಗೊಂದಲದ ಬೇರು ನಿಯಮದಲ್ಲಿಲ್ಲ, ನೆಲದಲ್ಲಿದೆ ಎಂದು ನನಗನ್ನಿಸುತ್ತದೆ. ರಾತ್ರಿ ಟ್ರಕ್ ನಿಲ್ಲಿಸಲು ಜಾಗ ಸಾಲದು. ಸಂಜೆಯಾಗುವಷ್ಟರಲ್ಲಿ ದೊಡ್ಡ ನಿಲ್ದಾಣಗಳು ತುಂಬುತ್ತವೆ, ತಡವಾಗಿ ಬಂದವರು ಹೆದ್ದಾರಿಗೆ ಸೇರುವ ಇಳಿಜಾರುಗಳಲ್ಲಿ, ಮುಚ್ಚಿದ ಅಂಗಡಿಗಳ ಎದುರು ನಿಲ್ಲುತ್ತಾರೆ. 2009ರ ಮಾರ್ಚಿನಲ್ಲಿ ಹಾಲು ಸಾಗಿಸುತ್ತಿದ್ದ ಚಾಲಕನೊಬ್ಬ ದಕ್ಷಿಣ ಕೆರೊಲಿನಾದಲ್ಲಿ ಹೇಳಿದ ಹೊತ್ತಿಗೆ ಮುಂಚೆಯೇ ತಲುಪಿದ. ಅಲ್ಲಿ ಕಾಯಲು ಜಾಗವಿರಲಿಲ್ಲ. ಪಾಳುಬಿದ್ದ ಪೆಟ್ರೋಲ್ ಬಂಕೊಂದರಲ್ಲಿ ನಿಲ್ಲಿಸಿ ಮಲಗಿದ. ಕಳ್ಳನೊಬ್ಬ ಅವನನ್ನು ಗುಂಡಿಟ್ಟು ಕೊಂದು ಜೇಬಿನಲ್ಲಿದ್ದ 7 ಡಾಲರ್ ಒಯ್ದ. ಅವನ ಹೆಂಡತಿ ಆಗ ಅವಳಿ ಮಕ್ಕಳ ಗರ್ಭಿಣಿ. ಆಕೆ ಮತ್ತು ಬಂಧುಗಳು ಹಟ ಹಿಡಿದು ಓಡಾಡಿದ್ದರಿಂದ 2012ರ ಸಾರಿಗೆ ಕಾಯಿದೆಯಲ್ಲಿ ಟ್ರಕ್ ನಿಲುಗಡೆಗೆ ಹಣ ಬಳಸಲು ಅವಕಾಶ ಸೇರಿತು. ಅದನ್ನು ಅವನ ಹೆಸರಿನಿಂದ ‘ಜೇಸನ್ಸ್ ಲಾ’ ಎಂದೇ ಕರೆಯುತ್ತಾರೆ. ಮಾರ್ಗದರ್ಶನದಲ್ಲಿ ‘ಹತ್ತಿರದ’ ಎಂಬುದರ ಪಕ್ಕದಲ್ಲೇ ‘ಸುರಕ್ಷಿತವಾದ’ ಎಂಬ ಮಾತೂ ಕುಳಿತಿರುವುದನ್ನು ಓದುವಾಗ ನನಗೆ ಆ ಬಂಕ್ ನೆನಪಾಗುತ್ತದೆ.

ಜೋಲಿಯೆಟ್‌ನ ಚಾಲಕ ಕಾವಲುಗಾರನಿಗೆ ಕೈಸನ್ನೆ ಮಾಡಿ, ಪರದೆಯಲ್ಲಿ ಪಿಸಿ ಆರಿಸಿ, ಗೇಟು ದಾಟುತ್ತಾನೆ. ಮಾರಿಸ್‌ನ ನಿಲ್ದಾಣದಲ್ಲಿ ಎರಡು ಸುತ್ತು ಹಾಕಿದರೂ ಜಾಗವಿಲ್ಲ. ಒಟಾವಾದಲ್ಲಿ ಕೊನೆಯ ಸಾಲಿನ ತುದಿಯಲ್ಲಿ ಒಂದು ಸಿಗುತ್ತದೆ. ಎಂಜಿನ್ ಆರಿಸಿ, ಪಿಸಿಯಿಂದ ಹೊರಬಂದು, ಹಾಸಿಗೆಗೆ ಹೋಗುವ ಮುನ್ನ ಟಿಪ್ಪಣಿಯ ಚೌಕದಲ್ಲಿ ಬೆರಳಿನಿಂದ ಕುಟ್ಟುತ್ತಾನೆ: ‘ಸರಕು ಇಳಿಸಲು ನಾಲ್ಕು ಗಂಟೆ ಕಾಯಿಸಿದರು. ಗೋದಾಮಿನಲ್ಲಿ ನಿಲ್ಲಲು ಬಿಡಲಿಲ್ಲ. ಮಾರಿಸ್ ತುಂಬಿತ್ತು. ಸಿಕ್ಕ ಮೊದಲ ಜಾಗ ಇದು.’ ನಾಳೆಯ ಅವನ 10 ಗಂಟೆ ಮುಗಿಯುವುದು ಬೆಳಿಗ್ಗೆ ಏಳಕ್ಕೆ. ಅಲಾರಂ ಇಟ್ಟು ಪರದೆ ಎಳೆಯುತ್ತಾನೆ.